ಸಾಕುನಾಯಿಗಳಿಗೆ ಪ್ರವೇಶವಿಲ್ಲ

ನವೆಂಬರ್ 3, ಭಾನುವಾರ

ಬೈಯುವುದಕ್ಕೆ ಮನೆಯಲ್ಲಿ ಯಾರೂ ಇಲ್ಲದ ಮೇಲೆ ಇನ್ನೇನು ಮಾಡಲಿ, ಇದರಲ್ಲೇ ಬೈದುಕೊಳ್ಳುತ್ತೇನೆ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇವರಿಗೆ ಬೈಯಬಹುದು. ಆದರೆ ತಿರುಗಿಸಿ ಬೈಯದ ಗಂಡನಿಗೆ ಬೈದು ಏನು ಸುಖ? ಲಕ್ವ ಹೊಡೆದು ಬಲಗೈ ಬಲಗಾಲು ಸೋತ ದಿನದಿಂದ ಇವರ ಬಾಯಿಂದ ಒಂದು ಮಾತು ಬಂದಿಲ್ಲ. ಕೆರಗೋಡಿನ ನಮ್ಮ ಆಲೆಮನೆಯಲ್ಲಿ ನಿಂತು ಇದೇ ಮಹದೇವು ಕೂಗಿದರೆ ಕಬ್ಬಿನ ಗದ್ದೆಯ ಆಚೆ ಬದುವಿಗೆ ಕೇಳಿಸುತ್ತಿತ್ತು. ನಾನು ಎರಡು ಮಾತು ಹೆಚ್ಚಿಗೆ ಆಡಿದರೆ ಸಾಕು, "ಬಾಯ್ ಮುಚ್ಚಮ್ಮಿ" ಎನ್ನುತ್ತಿದ್ದರು. ನಾನೇನು ಮುಚ್ಚುತ್ತಿರಲಿಲ್ಲ. ಮದುವೆಯಾದಾಗಿನಿಂದ ಒಂದು ದಿನವೂ ಮುಚ್ಚಿದವಳಲ್ಲ. ಈಗ ಎಷ್ಟು ಬೈದರೂ ಕಣ್ಣು ಬಿಟ್ಟುಕೊಂಡು ನೋಡುತ್ತಾರೆ. ಹೊಟ್ಟೆ ಉರಿಯುತ್ತದೆ.

ಆಲೆಮನೆಯನ್ನು ಮೈದುನನಿಗೆ ಬಿಟ್ಟು ಮಂಡ್ಯದ ಈ ಬಡಾವಣೆಗೆ ಬಂದದ್ದೇ ಡಾಕ್ಟರು ಹತ್ತಿರವಿರಲಿ, ನಡೆಯಲು ಪಾರ್ಕ್ ಇರಲಿ ಎಂದು. ದಿನಾ ನಡೆಸಿ ಎಂದಿದ್ದಾರೆ ವ್ಯಾಯಾಮ ಮಾಡಿಸುವ ಡಾಕ್ಟರು. ನಡೆಯದಿದ್ದರೆ ಕಾಲು ಹಾಗೇ ಮರಗಟ್ಟುತ್ತದಂತೆ. ಬಿದ್ದು ಸೊಂಟ ಮುರಿದುಕೊಂಡರೆ ಮುಗಿಯಿತು, ಹಾಸಿಗೆಯೇ ಗತಿಯಂತೆ. ಇವತ್ತು ಕರೆದುಕೊಂಡು ಹೋದರೆ ಗೇಟಿನಿಂದ ಮೊದಲ ಕಲ್ಲುಬೆಂಚಿನವರೆಗೆ ನಡೆದು ಕುಳಿತುಬಿಟ್ಟರು. ಬೇಡಿಕೊಂಡೆ, ಗದರಿಸಿದೆ, ಕಣ್ಣೀರು ಹಾಕಿದೆ. ಊಹೂಂ.

ಅಷ್ಟು ಸಾಲದೆಂದು ಒಂದು ಕಂದು ನಾಯಿ ಬಂದು ಇವರ ಕಾಲು ಮೂಸಿತು. ಕೊರಳಿಗೆ ಪಟ್ಟಿ ಇದೆ, ಅಂದರೆ ಯಾರೋ ಸಾಕಿದ್ದು. ಹಿಂದಿನಿಂದ ಒಬ್ಬ ಹುಡುಗಿ, "ರಾಗಿ, ಬಾ ಇಲ್ಲಿ" ಎಂದು ಓಡಿ ಬಂದಳು. ತಿನ್ನುವ ಕಾಳಿನ ಹೆಸರು ನಾಯಿಗೆ!

"ಏನೂ ಮಾಡಲ್ಲ ಆಂಟಿ."

ನಾಯಿ ಸಾಕಿದವರಿಗೆಲ್ಲ ಬರುವುದು ಇದೊಂದೇ ಮಾತು. "ಮನುಸ್ರು ತಿರ್ಗಾಡೋ ಜಾಗ ಕಣಮ್ಮ ಇದು. ನಾಯಿ ತಿರ್ಗಾಡ್ಸೋಕೆ ನಿಮ್ಮನೆ ಮುಂದ್ಲ ರೋಡಿಲ್ವಾ?" ಎಂದೆ. ಮುಖ ಊದಿಸಿಕೊಂಡು ಹೋದಳು.

ನವೆಂಬರ್ 7, ಗುರುವಾರ

ವಿಚಾರಿಸಿದೆ. ಹೆಸರು ಶೋಭಿತಾ, ಕಾಲೇಜಿನಲ್ಲಿ ಪಾಠ ಮಾಡುತ್ತಾಳಂತೆ. ಅಪ್ಪ ಮರಿಸಿದ್ದಯ್ಯ, ರಿಟೈರಾದ ಹೈಸ್ಕೂಲು ಮೇಷ್ಟ್ರು. ಪಾರ್ಕಿನ ಆಚೆ ಸಾಲಿನ ಮನೆ. ಬಾಗಿಲು ತೆಗೆದರೆ ಎದುರಿಗೇ ಬುದ್ಧನ ಫೋಟೊ ಎಂದು ಪಕ್ಕದ ಮನೆಯವರು ಹೇಳಿದರು. ಯಾವ ಪೈಕಿ ಎಂದು ಗೊತ್ತಾಯಿತು. ಇರಲಿ, ನನಗ್ಯಾಕೆ, ನನ್ನ ಜಗಳ ನಾಯಿಯದು.

ಆ ನಾಯಿ ಇವತ್ತೂ ಬಂತು. ಇವರು ಬೆಂಚಿನಲ್ಲಿದ್ದರು. ನಾಯಿ ಮೂತಿ ಚಾಚುತ್ತಿದ್ದಂತೆ ಎಡಗೈಯಲ್ಲಿದ್ದ ಊರುಗೋಲು ಮೇಲೆ ಹೋಯಿತು, ಬಾಯಿಂದ "ಅ... ಅಚಾ!" ಎಂದು ಬಂತು. ಪಾಪ, ಮಾತೇ ಇಲ್ಲದ ಮನುಷ್ಯ ಕಿರುಚಬೇಕಾದರೆ ಎಷ್ಟು ಹೆದರಿರಬೇಕು! ಆಲೆಮನೆಯಲ್ಲಿ ಕಬ್ಬಿನ ಜಲ್ಲೆ ಹಿಡಿದು ಹಚಾ ಹಚಾ ಎಂದು ನಾಯಿಗಳನ್ನು ಗದ್ದೆ ದಾಟಿಸಿ ಬರುತ್ತಿದ್ದವರು. ಇವರಿಗೆ ಇಂಥ ಗತಿ ಬಂತಲ್ಲ.

ಆ ಹುಡುಗಿಗೆ ಸರಿಯಾಗಿ ಉಗಿದೆ.

ನವೆಂಬರ್ 18, ಸೋಮವಾರ

ಒಂದು ಸುತ್ತು ಪೂರ್ತಿ ನಡೆದರು! ನನ್ನ ಕೈ ಹಿಡಿಯಲಿಲ್ಲ. ಅಂಗಡಿ ಎಣ್ಣೆ ಬಿಟ್ಟು ಊರಿನಿಂದ ತರಿಸಿದ ನಾಟಿ ಎಣ್ಣೆ ತಿಕ್ಕುತ್ತಿದ್ದೇನೆ, ಅದರ ಗುಣ.

ಆದರೆ ನೆಮ್ಮದಿಯಾಗಿ ನಡೆಯಲು ಆ ಪ್ರಾಣಿ ಬಿಡಬೇಕಲ್ಲ. ಮುಂದೆ ಹೋಗಿ ನಿಲ್ಲುತ್ತದೆ. ಇವರು ಕೋಲೆತ್ತಿ "ಅಚಾ" ಎಂದರೆ ಇನ್ನೊಂದಿಷ್ಟು ದೂರ ಓಡಿ ತಿರುಗಿ ನೋಡುತ್ತದೆ. ಇವರು ಅದರ ಹಿಂದೆ ಬೇಗ ಬೇಗ ಕಾಲು ಎಳೆದುಕೊಂಡು ಹೋಗುತ್ತಾರೆ. ರೋಗಿಷ್ಟ ಮನುಷ್ಯನನ್ನು ಹೀಗೆ ಓಡಾಡಿಸುತ್ತದಲ್ಲ, ಅದಕ್ಕೆ ನಾಚಿಕೆ ಬೇಡವೇ?

ಇನ್ನೊಂದು ತಲೆನೋವು. ಅಡುಗೆಮನೆಯ ಡಬ್ಬದಲ್ಲಿ ಬೆಲ್ಲ ಕರಗುತ್ತಿದೆ. ಇವರ ಅಂಗಿ ಒಗೆಯಲು ಹೋದರೆ ಜೇಬೆಲ್ಲ ಅಂಟು ಅಂಟು, ಇರುವೆ ಬೇರೆ. ಸಕ್ಕರೆ ಕಾಯಿಲೆ ಇದೆ, ಕದ್ದು ತಿನ್ನುತ್ತಾರೆ. ಬೆಲ್ಲ ಮಾಡಿದ ಕೈಗೆ ಬೆಲ್ಲದ ಚಪಲ ಹೋಗುತ್ತದೆಯೇ. ಡಬ್ಬವನ್ನು ಅಟ್ಟದ ಮೇಲಿಟ್ಟೆ.

ನವೆಂಬರ್ 29, ಶುಕ್ರವಾರ

ಡಾಕ್ಟರು ಬಂದು ನೋಡಿ, "ಏನ್ ಮಾಡ್ತಿದ್ದೀರಿ ಅಮ್ಮ, ಅದನ್ನೇ ಮುಂದುವರಿಸಿ" ಎಂದರು. ಎಣ್ಣೆಯ ಬಾಟಲಿ ತೋರಿಸಿದೆ. ನಕ್ಕರು. ಬಲಗೈ ಬೆರಳು ಮಡಚುತ್ತಿವೆ. "ಅಚಾ" ಜೊತೆಗೆ ಈಗ "ಓಗ್", "ಬಾ", "ಥೂ" ಬಂದಿವೆ. ರಕ್ತ ಪರೀಕ್ಷೆಯೂ ಆಯಿತು. ಸಕ್ಕರೆ ಹತೋಟಿಯಲ್ಲಿದೆ. ಅಷ್ಟು ಬೆಲ್ಲ ತಿಂದರೂ! ದೇವರು ದೊಡ್ಡವನು.

ಡಬ್ಬವನ್ನು ಅಟ್ಟದಿಂದ ಹೇಗೆ ಇಳಿಸುತ್ತಾರೋ ನನಗಂತೂ ತಿಳಿಯದು.

ಬೆಳಿಗ್ಗೆ ನಾನು ಕಾಫಿ ಕುಡಿಯುವ ಮೊದಲೇ ಇವರು ಚಪ್ಪಲಿ ಮೆಟ್ಟಿ, ಕೋಲು ಹಿಡಿದು ಬಾಗಿಲಲ್ಲಿ ಕೂತಿರುತ್ತಾರೆ. ಪಾರ್ಕಿನ ಗಾಳಿ ಹಿಡಿಸಿದೆ. ಆ ನಾಯಿಯೊಂದು ಇಲ್ಲದಿದ್ದರೆ ಇನ್ನೂ ಎಷ್ಟು ಗುಣವಾಗುತ್ತಿತ್ತೋ.

ಡಿಸೆಂಬರ್ 8, ಭಾನುವಾರ

ಜಗಳ ಜೋರಾಯಿತು. ಆ ನಾಯಿ ಹುಲ್ಲಿನ ಮೇಲೆ ಕೂತು ಮಾಡಿತು. ಹುಡುಗಿ ಕವರಿನಲ್ಲಿ ಎತ್ತಿಕೊಂಡಳು, ಅದು ಸುಳ್ಳಲ್ಲ. ಆದರೂ ಜಾಗ ಜಾಗವೇ ತಾನೇ? ಚಿಕ್ಕ ಮಕ್ಕಳು ಬರಿಗಾಲಲ್ಲಿ ಆಡುತ್ತವೆ. ಕಚ್ಚಿದರೆ ಸೂಜಿ ಹಾಕಿಸಿಕೊಳ್ಳುವವರು ಯಾರು?

"ಅದಕ್ಕೆ ಎಲ್ಲಾ ಇಂಜೆಕ್ಷನ್ ಆಗಿದೆ ಆಂಟಿ. ಪಾರ್ಕು ಎಲ್ರದ್ದೂ. ನಾನೂ ಕಂದಾಯ ಕಟ್ತೀನಿ."

"ನೀ ಕಟ್ಟೀಯೆ, ನಿನ್ ನಾಯಿ ಕಟ್ತದಾ?"

"ನಿಮ್ಮ ಯಜಮಾನ್ರಿಗೆ ರಾಗಿ ಕಂಡ್ರೆ ಇಷ್ಟ. ನೀವು ಗಮನಿಸಿಲ್ಲ."

ಕೇಳಿದಿರಾ ಧೈರ್ಯ! ನಲವತ್ತು ವರ್ಷ ಬಾಳಿದವಳು ನಾನು, ನನ್ನ ಗಂಡನಿಗೆ ಏನಿಷ್ಟ ಎಂದು ನನಗೆ ಹೇಳಿಕೊಡುತ್ತಾಳೆ. ಕೋಲೆತ್ತಿ ಅಟ್ಟುವುದು ಇವಳ ಲೆಕ್ಕದಲ್ಲಿ ಇಷ್ಟ! ಮಳವಳ್ಳಿಯಲ್ಲಿರುವ ಮಗಳು ದೀಪಿಕಾಳಿಗೆ ಫೋನು ಮಾಡಿ ಹೇಳಿದರೆ ಅವಳೂ ಎಂಥಾ ಮಾತಾಡಿದಳು: "ನಿಂಗೆ ಜಗಳ ಆಡಕ್ಕೆ ಜನ ಬೇಕಿತ್ತು ಕಣವ್ವ, ಸಿಕ್ಕವ್ರೆ ಬುಡು." ಫೋನು ಕುಕ್ಕಿದೆ.

ಡಿಸೆಂಬರ್ 15, ಭಾನುವಾರ

ಬಿದ್ದರು.

ನಾನು ನೀರಿನ ಬಾಟಲಿ ತೆಗೆಯಲು ಬಗ್ಗಿದ್ದೆ. ನಾಯಿ ಎರಡು ಕಾಲೆತ್ತಿ ಇವರ ಜೇಬಿನ ಮೇಲೆ ಹಾರಿತು. ಇವರು ಹಿಂದಕ್ಕೆ ವಾಲಿ ಹುಲ್ಲಿನ ಮೇಲೆ ದೊಪ್ಪೆಂದು ಕೂತರು. ಚಪ್ಪಲಿ ಬಿಚ್ಚಿ ನಾಯಿಗೆ ಬಾರಿಸಿದೆ, ಸಿಕ್ಕಿದ್ದರೆ ಆ ಹುಡುಗಿಗೂ ಬಾರಿಸುತ್ತಿದ್ದೆ. ಅವಳು ಅಳುತ್ತಾ ಇವರನ್ನು ಎತ್ತಲು ಬಂದಳು. "ಮುಟ್ಬೇಡ" ಎಂದೆ. ಇವರು ನೆಲದಲ್ಲಿ ಕೂತು ಏನೋ ತೊದಲುತ್ತಾ ಕೈ ಆಡಿಸುತ್ತಿದ್ದರು. ಅದನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎಕ್ಸ್‌ರೇ ತೆಗೆಸಿದೆವು. ಮೂಳೆಗೆ ಏನೂ ಆಗಿಲ್ಲ. ಆಗಿದ್ದರೆ?

ಡಿಸೆಂಬರ್ 17, ಮಂಗಳವಾರ

ಬಡಾವಣೆ ಸಂಘದ ಅಧ್ಯಕ್ಷ ಶಶಿಧರ್ ಸಂಜೆ ಪಾರ್ಕಿನಲ್ಲೇ ಸಭೆ ಕರೆದಿದ್ದರು. ನಾನು ನಿಂತು ಎಲ್ಲ ಹೇಳಿದೆ. ಗಂಡನನ್ನು ತೋರಿಸಿ ಹೇಳಿದೆ. ಹೆಂಗಸರೆಲ್ಲ ನನ್ನ ಕಡೆ. ನಾಯಿ ಒಳಗೆ ಬರಬಾರದೆಂದು ಬೋರ್ಡು ಹಾಕಿಸೋಣ, ಎಲ್ಲರೂ ಸಹಿ ಮಾಡಿ ಎಂದರು ಶಶಿಧರ್.

ಹಾಳೆ ಮರಿಸಿದ್ದಯ್ಯನವರ ಹತ್ತಿರ ಹೋಯಿತು. ಆ ಮನುಷ್ಯ ಎದ್ದು ನಿಂತರು. "ನಿಮ್ಮ ಯಜಮಾನ್ರು ಬಿದ್ರು, ತಪ್ಪು ನಮ್ದು. ಹಗ್ಗ ಹಾಕ್ದಲೆ ಬಿಡ್ಬಾರ್ದಿತ್ತು, ಕ್ಷಮಿಸಿ ಕಣಮ್ಮ. ನಂಗೇನು ನಾಯಿ ಮೇಲೆ ಅಂಥಾ ಪ್ರೀತಿ ಇಲ್ಲ. ನಮ್ಮೂರ ಅರಳಿಕಟ್ಟೆ ಮೇಲೆ ನಾಯಿ ಮಲ್ಗಿರೋದು, ನಮ್ಮಪ್ಪ ಕೆಳ್ಗೆ ನಿಂತಿರೋನು. ನಾಳೆಯಿಂದ ನಾಯಿ ಬರಲ್ಲ, ನನ್ನ ಮಾತು. ಆದ್ರೆ ಪ್ರವೇಶವಿಲ್ಲ ಅಂತ ಬೋರ್ಡು ಬರ್ಸೋ ಹಾಳೆಗೆ ನನ್ನ ಕೈಲಿ ಸೈನು ಕೇಳ್ಬ್ಯಾಡಿ."

ಶಶಿಧರ್ ಹಾಳೆಯನ್ನು ಮುಂದಿನವರಿಗೆ ದಾಟಿಸಿದರು. ನಾಯಿ ವಿಷಯಕ್ಕೆ ಆ ಹಳೇ ಕಥೆ ಯಾಕೆ ತರಬೇಕಿತ್ತು? ನಾನೇನು ಮೇಷ್ಟ್ರ ಅಪ್ಪನನ್ನು ಕೆಳಗೆ ನಿಲ್ಲಿಸಿದ್ದೆನೇ? ನಮ್ಮ ಮಾವನವರು ನಿಲ್ಲಿಸಿದ್ದಿರಬಹುದು, ಆಗ ಎಲ್ಲರೂ ಹಾಗೇ ಇದ್ದರು. ಬೇಡವೆಂದರೂ ಅದೇ ಮಾತು ತಲೆಯಲ್ಲಿ ಕೊರೆಯುತ್ತಿದೆ.

ಡಿಸೆಂಬರ್ 21, ಶನಿವಾರ

ಬೋರ್ಡು ಬಂತು! ಹಳದಿ ಮೇಲೆ ಕಪ್ಪು ಅಕ್ಷರ, ಗೇಟಿನ ಪಕ್ಕದಲ್ಲೇ. ಸಾಕುನಾಯಿಗಳಿಗೆ ಪ್ರವೇಶವಿಲ್ಲ. ಶ್ಯಾವಿಗೆ ಪಾಯಸ ಮಾಡಿ ಅಕ್ಕಪಕ್ಕದವರಿಗೆ ಕೊಟ್ಟೆ. ಇನ್ನು ಇವರು ನಿಶ್ಚಿಂತೆಯಾಗಿ ನಡೆಯಬಹುದು.

ಡಿಸೆಂಬರ್ 24, ಮಂಗಳವಾರ

ಇವರಿಗೆ ಮೈ ಸರಿಯಿಲ್ಲವೆಂದು ಕಾಣುತ್ತದೆ. ಅರ್ಧ ಸುತ್ತಿಗೇ ನಿಂತರು. ಆಚೆ ಸಾಲಿನ ಕಡೆ ನೋಡುತ್ತಾ ನಿಂತರು. ಚಳಿಗೆ ಇರಬೇಕು. ಸ್ವೆಟರ್ ಹಾಕಿಸಿದೆ.

ಡಿಸೆಂಬರ್ 31, ಮಂಗಳವಾರ

ಮತ್ತೆ ಮೊದಲ ಬೆಂಚು. ಊಟ ಅರ್ಧಕ್ಕೇ ಸಾಕು. ಮಾತು ಒಂದೂ ಇಲ್ಲ, "ಥೂ" ಕೂಡ ಇಲ್ಲ.

ಜನವರಿ 6, ಸೋಮವಾರ

ಡಾಕ್ಟರು ಬಂದು ಕೈ ಹಿಡಿದು ನೋಡಿ ಮುಖ ಸಣ್ಣ ಮಾಡಿದರು. "ಬೆರಳು ಮತ್ತೆ ಬಿಗಿ ಆಗ್ತಿದೆಯಲ್ಲ ಅಮ್ಮ. ಮುಂಚೆ ಮಾಡ್ತಿದ್ದುದ್ರಲ್ಲಿ ಏನು ಬಿಟ್ರಿ?"

ಏನೂ ಬಿಟ್ಟಿಲ್ಲ ಎಂದೆ. ಎಣ್ಣೆ ಅದೇ, ಮಾತ್ರೆ ಅದೇ, ಪಾರ್ಕೂ ಅದೇ. ಯಾರದೋ ಕೆಟ್ಟ ಕಣ್ಣು ಬಿದ್ದಿದೆ. ಯಾರದೆಂದೂ ನನಗೆ ಗೊತ್ತು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟಿಗೆ ನಾನೇ ಕೆಮ್ಮಿದೆ, ಇವರು ಅಲ್ಲಾಡಲಿಲ್ಲ.

ಇವತ್ತು ಪಾರ್ಕಿನಲ್ಲಿ ಯಾರೂ ಇಲ್ಲದಾಗ ನಾನೇ ಕೋಲೆತ್ತಿ "ಹಚಾ! ಹಚಾ!" ಎಂದು ಕೂಗಿ ತೋರಿಸಿದೆ, ಇವರಿಗೆ ನೆನಪಾಗಲಿ ಎಂದು. ಹುಚ್ಚು ಹಿಡಿಯಿತೇ ಎನ್ನುವ ಹಾಗೆ ನನ್ನ ಮುಖ ನೋಡಿದರು. ಆಮೇಲೆ ಗೇಟಿನ ಬೋರ್ಡಿನ ಕಡೆ ತಿರುಗಿ ಕೂತರು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಎಳ್ಳು ಬೀರಬೇಕಲ್ಲ, ಬೆಲ್ಲ ಹೆಚ್ಚಲು ಡಬ್ಬ ತೆಗೆದರೆ ಮತ್ತೆ ಕಡಿಮೆ. ಅಚ್ಚಿನ ಅಂಚಿನಲ್ಲಿ ಹಲ್ಲಿನ ಗುರುತಿಲ್ಲ, ಚಾಕುವಿನ ಗುರುತು. ಸೀದಾ ಇವರ ಹಾಸಿಗೆಗೆ ಹೋಗಿ ದಿಂಬು ಎತ್ತಿದೆ. ಕರವಸ್ತ್ರದ ಗಂಟು. ಬಿಚ್ಚಿದರೆ ಬೆಲ್ಲದ ಚೂರುಗಳು, ಒಣಗಿದವು, ಹಳೆಯವು, ನಿನ್ನೆಯದು. ಒಂದನ್ನೂ ತಿಂದಿಲ್ಲ.

ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತೆ. ಆಲೆಮನೆ ನೆನಪಾಯಿತು. ಹಗಲೆಲ್ಲ ಬೆಲ್ಲಕ್ಕೆ ಬಾಯಿ ಹಾಕುವ ನಾಯಿಗಳನ್ನು ಜಲ್ಲೆ ಹಿಡಿದು ಅಟ್ಟುತ್ತಿದ್ದರು. ಸಂಜೆ ಕೊಪ್ಪರಿಗೆ ತೊಳೆಯುವ ಮುಂಚೆ ತಳಕ್ಕೆ ಅಂಟಿದ್ದನ್ನು ಕೆರೆದು ಅದೇ ನಾಯಿಗಳನ್ನು ಕರೆದು ಹಾಕುತ್ತಿದ್ದರು. ದಂಡಕ್ಕೆ ಹಾಕುತ್ತೀರಲ್ಲ ಎಂದು ನಾನು ಬೈದರೆ, "ಓಡ್ಸ್ದೋನೇ ಕರ್ದು ಇಕ್ಬೇಕು ಕಣಮ್ಮಿ, ಬಾಯ್ ಮುಚ್ಚು" ಎನ್ನುತ್ತಿದ್ದರು. ಆಲೆಮನೆಯಲ್ಲಿ ಅಷ್ಟು ವರ್ಷ ಬೇಯಿಸಿ ಹಾಕಿದ ನನಗೆ ಇದು ಹೊಳೆಯಲಿಲ್ಲವಲ್ಲ!

ಮೋಸಗಾರ. ನನ್ನ ಜೊತೆ ಒಂದು ಮಾತಿಲ್ಲ, ನಾಯಿ ಜೊತೆ ವ್ಯವಹಾರ. ಕೋಪ ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು.

ಎಳ್ಳುಬೆಲ್ಲದ ತಟ್ಟೆ ಹಿಡಿದು ಆಚೆ ಸಾಲಿಗೆ ಹೋದೆ. ಆ ಮನೆಗೆ ನಾನು ಎಳ್ಳು ಬೀರಿದ್ದಿಲ್ಲ. ಮರಿಸಿದ್ದಯ್ಯನವರೇ ಬಾಗಿಲು ತೆಗೆದರು. ಒಳಗೆ ಬನ್ನಿ ಎಂದರು. ಹೋಗಿ ಕುರ್ಚಿಯಲ್ಲಿ ಕೂತೆ.

"ಎಲ್ರೀ ಮೇಷ್ಟ್ರೇ ನಿಮ್ ನಾಯಿ?"

"ಇಲ್ಲ ಕಣಮ್ಮ. ಮನೇಲಿ ಕಟ್ಟಾಕಿದ್ರೆ ದಿನಾ ಬೆಳಿಗ್ಗೆ ಪಾರ್ಕ್ ಕಡೆ ಮುಖ ಮಾಡ್ಕಂಡು ಗೋಳಾಡದು. ಆತಗೂರಲ್ಲಿ ನಮ್ಮ ತಮ್ಮ ಸಿದ್ದೇಶ್ ಅವನೆ, ಅವನ ತೋಟಕ್ಕೆ ಬುಟ್ಟು ಬಂದ್ವಿ. ಶೋಭಿತಾ ಭಾನುವಾರ ಭಾನುವಾರ ಹೋಗಿ ನೋಡ್ಕಂಡ್ ಬತ್ತಾಳೆ."

"ಕೇಳ್ದಲೆ ಕೇಳ್ಸ್ದಲೆ ಹಂಗೆ ಕಳ್ಸ್ಬುಡದಾ?" ಎಂದು ರೇಗಿದೆ. ಆ ಮನುಷ್ಯ ನನ್ನನ್ನೇ ನೋಡಿದರು. ಒಂದಿಷ್ಟು ಎಳ್ಳು ಬಾಯಿಗೆ ಹಾಕಿಕೊಂಡರು.

ಜನವರಿ 19, ಭಾನುವಾರ

ಬೆಳಿಗ್ಗೆ ಇವರಿಗೆ ಅಂಗಿ ಹಾಕಿಸಿದೆ. ಕರವಸ್ತ್ರದ ಗಂಟನ್ನು ನಾನೇ ಜೇಬಿಗೆ ತುರುಕಿದೆ. ಕಣ್ಣರಳಿಸಿ ನೋಡಿದರು. "ಏನ್ ನೋಡೀರಿ? ನಡೀರಿ" ಎಂದೆ. ಓಡಿಸಿದವಳು ನಾನು. ನಾಯಿ ಕಂಡರೆ ನನಗೆ ಆಗುವುದಿಲ್ಲ, ಆ ಮಾತು ಬೇರೆ.

ಮಂಡ್ಯದಿಂದ ಮದ್ದೂರಿಗೆ ಬಸ್ಸು, ಅಲ್ಲಿಂದ ಆತಗೂರಿನ ಬಸ್ಸು. ಇವರನ್ನು ಹತ್ತಿಸಿ ಇಳಿಸುವಷ್ಟರಲ್ಲಿ ಕಂಡಕ್ಟರನ ಜೊತೆ ಒಂದು ಜಗಳ, ಸೀಟು ಬಿಡದ ಹುಡುಗನ ಜೊತೆ ಇನ್ನೊಂದು. ಪಕ್ಕದ ಹೆಂಗಸು ಎಲ್ಲಿಗೆ ಎಂದು ಕೇಳಿದಳು. ನಾಯಿಗೆ ಬೆಲ್ಲ ಕೊಡುವುದಕ್ಕೆ ಎನ್ನಲೇ? ನೆಂಟರ ಮನೆಗೆ ಎಂದೆ.

ಬಸ್ಸಿಳಿದ ಮೇಲೆ ಸಿದ್ದೇಶನ ತೋಟಕ್ಕೆ ಕಾಲುವೆ ಏರಿ ಮೇಲೆ ನಡೆಯಬೇಕು. ನೆತ್ತಿ ಸುಡುವ ಬಿಸಿಲು. ಎಲ್ಲಿ ಕೂತುಬಿಡುತ್ತಾರೋ ಎಂದು ಹೆದರುತ್ತಿದ್ದೆ. ಕೂರಲಿಲ್ಲ. ನಾನೇ ಒಂದು ಕಡೆ ಮೋರಿ ಕಟ್ಟೆ ಮೇಲೆ ಕೂತರೆ ಕೋಲಿನಿಂದ ನೆಲ ಕುಟ್ಟಿ ಏಳಿಸಿದರು.

ಮನೆಯ ಮುಂದಿನ ತೆಂಗಿನಮರಕ್ಕೆ ನಾಯಿಯನ್ನು ಕಟ್ಟಿದ್ದರು. ಬಡವಾಗಿತ್ತು. ನಮ್ಮನ್ನು ಕಂಡದ್ದೇ ತಡ, ಸರಪಳಿ ಹರಿಯುವಂತೆ ಜಗ್ಗಿ ಕುಣಿಯಿತು. ಇವರು ಕೋಲೆತ್ತಿ ತೋಟವೆಲ್ಲ ಕೇಳುವಂತೆ ಕೂಗಿದರು.

"ಅಚಾ!"

ನಾಯಿ ಬಾಲ ಅಲ್ಲಾಡಿಸಿದ್ದು ನೋಡಬೇಕಿತ್ತು. ಸಿದ್ದೇಶನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಬಾಯಾರಿತ್ತು, ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದೆ. ಅಷ್ಟರಲ್ಲಿ ಶೋಭಿತಾ ಹೊರಗೆ ಬಂದಳು. ನನ್ನನ್ನು ಕಂಡು ಮುಖ ಗಂಟಿಕ್ಕಿದಳು.

"ಇಲ್ಲಿಗೂ ಬಂದ್ರಾ? ಇಲ್ಲೂ ಬೋರ್ಡು ಹಾಕ್ಬೇಕಾ?"

"ನೋಡಮ್ಮ, ನಾಯಿನ ಮಂಡ್ಯಕ್ಕೆ ವಾಪಸ್ ಕರ್ಕಂಡ್ ಬಾ. ಹಗ್ಗ ಹಾಕ್ಕಂಡೇ ಬಾ. ಆ ಬೋರ್ಡ ನಾನೇ ಕೀಳ್ಸ್ತೀನಿ."

"ಯಾಕೆ? ಈಗ ನಿಮಗೆ ಬೇಕಾಯ್ತು ಅಂತಾನಾ? ನೀವು ಬೇಡ ಅಂದಾಗ ಹೋಗೋಕೆ, ಬಾ ಅಂದಾಗ ಬರೋಕೆ ನಾವೇನು ನಿಮ್ಮ ಮನೆ ಆಳಾ?"

"ಯಾರೇ ಆಳು ಅಂದೋರು? ನನ್ ಗಂಡ ಹಾಸಿಗೆ ಹಿಡೀತಾ ಅವ್ನೆ, ನಿಂಗೆ ನಿನ್ ರೋಷ ದೊಡ್ದಾಯ್ತಾ?"

"ಚಪ್ಪಲೀಲಿ ಹೊಡ್ದ್ರಿ ಅದಕ್ಕೆ! ನನ್ನನ್ನ ಮುಟ್ಬೇಡ ಅಂದ್ರಿ! ಅದು ಮರ್ತು ಹೋಯ್ತಾ?"

ಮರೆತಿರಲಿಲ್ಲ. ಮರೆತಿರಲಿಲ್ಲ ಎಂದೇ ಇನ್ನೂ ಜೋರಾಗಿ ಕೂಗಿದೆ. ಅವಳ ಓದಿನ ಮೇಲೆ ಬಿದ್ದೆ, ಸಾಕಿದ ರೀತಿಯ ಮೇಲೆ ಬಿದ್ದೆ, ಬಾಯಿಗೆ ಬಂದದ್ದೆಲ್ಲ ಬಂತು. ನನಗೇ ಬೇಡವಾಗಿತ್ತು, ಆದರೂ ನಿಲ್ಲಿಸಲು ಆಗುತ್ತಿರಲಿಲ್ಲ. ಸಿದ್ದೇಶನ ಹೆಂಡತಿ ಎರಡನೇ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

ಹಿಂದಿನಿಂದ ಮಾತು ಕೇಳಿಸಿತು.

"ಬಾಯ್... ಮುಚ್ಚಮ್ಮಿ."

ತಿರುಗಿದೆ. ಇವರು ಮರಕ್ಕೆ ಒರಗಿ ನಿಂತಿದ್ದರು, ಕೋಲು ನೆಲದಲ್ಲಿ ಬಿದ್ದಿತ್ತು. ಬಲಗೈ ಜೇಬಿನಿಂದ ಹೊರಗೆ ಬಂದಿತ್ತು. ನಡುಗುತ್ತಿತ್ತು, ಆದರೆ ಬೆಲ್ಲ ಬೀಳಿಸಲಿಲ್ಲ. ನಾಯಿ ಆ ಕೈಯನ್ನು ನೆಕ್ಕುತ್ತಿತ್ತು. ಇವರು ನಾಯಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆಲೆಮನೆಯಲ್ಲಿ ನೋಡುತ್ತಿದ್ದ ಅದೇ ಕೆಂಗಣ್ಣು.

ನಾನು ಉತ್ತರ ಕೊಡಲು ಬಾಯಿ ತೆರೆದೆ.

ಮದುವೆಯಾದಾಗಿನಿಂದ ಮೊದಲ ಸಲ, ಮುಚ್ಚಿದೆ.